ಇಪ್ಪತ್ಮೂರು ಕಿಲೋ

ಇನ್ನು ನಾಲ್ಕು ದಿನ.
ಬಿ.ಎಚ್. ರೋಡಿನ ಲಾಡ್ಜಿನಲ್ಲಿ ಅಪ್ಪ
ಸೂಟ್‌ಕೇಸು ಬಿಚ್ಚಿ ಮಂಚದ ತುಂಬ ಹರವಿಕೊಂಡು
ಕನ್ನಡಕ ಹಣೆಗೇರಿಸಿ ಕೂತಿದ್ದಾನೆ,
ಲೇತಿನ ಮೇಲೆ ಅಳತೆ ತಪ್ಪಿದ
ಅಪ್ರೆಂಟಿಸ್ ಹುಡುಗನ ಹಾಗೆ.

ಮೂರು ತಿಂಗಳ ಹಿಂದೆ ಕಿಟ್ವೆಯಿಂದ ಹೊರಟಾಗ
ನನ್ನ ಬಳಿ ಇದ್ದದ್ದು ಅಡುಗೆಮನೆಯ ಕನ್ನಡ:
ಉಪ್ಪು, ಒಗ್ಗರಣೆ, ಬಾಗಿಲು ಹಾಕು, ಹುಷಾರು.
ಹೊಸಿಲಾಚೆಗೆಲ್ಲ ಬೆಂಬಾ, ಇಂಗ್ಲಿಷು.
ಇಲ್ಲಿ ಬಸ್ಸಿನ ಬೋರ್ಡು ಓದಿ ಓದಿ
ಸಾ-ಗ-ರ ಬಂತು, ಹೊ-ಸ-ನ-ಗ-ರ ಬಂತು,
ತೀರ್ಥಹಳ್ಳಿ ಮಾತ್ರ ಒಂದು ತಿಂಗಳು ಆಟವಾಡಿಸಿತು.
"ಅರ್ಕಾವೊತ್ತು ಕಣೇ ಅದು.
ಓದುವಾಗ ಮೊದಲು, ಬರೆಯುವಾಗ ಕೊನೆಗೆ.
ನಮ್ಮ ಹಾಗೆ," ಅಂದ ಅಪ್ಪ,
"ಮೊದಲು ಹೊರಟವರು, ಕೊನೆಗೆ ಬಂದವರು."

ಭದ್ರಾವತಿಗೆ ಹೋದದ್ದು ಒಂದೇ ಸಲ.
ಕಾರ್ಖಾನೆಯ ಗೇಟಿನೆದುರು ನಿಂತು
ಗಾಳಿ ಮೂಸಿ ನೋಡಿದ.
"ವಾಸನೆಯೇ ಇಲ್ಲ," ಅಂದ.
ಅದೇ ಬಸ್ಸಿಗೆ ವಾಪಸ್ ಹತ್ತಿದೆವು.

ಸೀಗೆಹಟ್ಟಿಯ ತುಂಗತ್ತೆ ಮನೆಯಲ್ಲಿ
ಅಕ್ಕಿ ಡಬ್ಬಕ್ಕೆ ಮುಚ್ಚಿದ್ದು ಮರದ ಹಲ್ಲುಗಾಲಿ.
ಹತ್ತೊಂಬತ್ತನೇ ವಯಸ್ಸಲ್ಲಿ ಎರಕದ ಅಚ್ಚಿಗೆಂದು
ಅಪ್ಪ ಕೆತ್ತಿದ್ದು; ಇಪ್ಪತ್ತೆಂಟರಲ್ಲಿ ಒಂದು ಹಲ್ಲು ಸಣ್ಣದೆಂದು
ಫೋರ್‌ಮನ್ ಬಿಸಾಕಿದ್ದು.
ಐವತ್ತೆರಡು ವರ್ಷ ಅದು ಇಲಿಗಳನ್ನು ತಡೆದಿತ್ತು.
"ತಗೊಂಡ್ಹೋಗು ಮೌನೇಶ," ಅಂದಳು ಅತ್ತೆ,
"ಇಲ್ಲಾಂದ್ರೆ ಇಲ್ಲೇ ಇದ್ದುಬಿಡು. ಅಲ್ಲಿ ಯಾರಿದ್ದಾರೆ ನಿಂಗೆ?"
ಅಪ್ಪ ಹಲ್ಲು ಎಣಿಸುತ್ತಿದ್ದ.
ಸಣ್ಣದರ ಮೇಲೆ ಬೆರಳು ನಿಂತಿತು.
"ಅವಳಿದ್ದಾಳಲ್ಲ," ಅಂದ.

(ಅಮ್ಮನ ಬೂದಿಯ ಮೇಲೆ ಅಲ್ಲೊಂದು ಮಾವು.
ನೀರು ಹಾಕಲು ಪಕ್ಕದ ಮನೆ ಬ್ವಾಲ್ಯನಿಗೆ
ಹೇಳಿ ಬಂದಿದ್ದೇವೆ. ವಾರಕ್ಕೊಂದು ಫೋಟೊ ಕಳಿಸುತ್ತಾನೆ.
ಎಲೆ ಮಾತ್ರ. ಇನ್ನೂ ಹೂವಿಲ್ಲ.)

ದಾದಾಪೀರ್ ಮಾವನ ಗುಜರಿ ಅಂಗಡಿ.
ಹಳೇ ಪೇಪರಿನ ಕಟ್ಟು ಸರಿಸಿ
ತೂಕದ ಹಲಗೆ ಮೇಲೆ ಸೂಟ್‌ಕೇಸು ಇಟ್ಟೆವು.
ಇಪ್ಪತ್ತಾರೂವರೆ.
ಇಳಿದವು: ಅಪ್ಪೆಮಿಡಿಯ ಎರಡನೇ ಬಾಟಲಿ,
ಜೋನಿಬೆಲ್ಲದ ಡಬ್ಬಿ, ನನ್ನ ಬೂಟು.
ಗಾಲಿಯ ವಿಷಯ ಯಾರೂ ಎತ್ತಲಿಲ್ಲ.
ಇನ್ನೂ ಮುನ್ನೂರು ಗ್ರಾಂ.
ಅಪ್ಪ ಉಣ್ಣೆಯ ಸ್ವೆಟರ್ ಎಳೆದು ತೆಗೆದು
ಫೆಬ್ರವರಿಯ ಮಟಮಟ ಮಧ್ಯಾಹ್ನ ಮೈಗೆ ಹಾಕಿಕೊಂಡ.
ಆಮೇಲೆ ಸೂಟ್‌ಕೇಸು ಇಳಿಸಿ ತಾನೇ ಹತ್ತಿ ನಿಂತ.
ಐವತ್ತೊಂಬತ್ತು.
"ಬರುವಾಗ ಐವತ್ತಾರಿದ್ದೆ ಕಣೋ ದಾದಾ.
ಇದಕ್ಕೆ ವಿಮಾನದವರು ದುಡ್ಡು ಕೇಳಲ್ಲ, ಅಲ್ವಾ?"
ದಾದಾಪೀರ್ ಮಾವ ಜೋರಾಗಿ ನಕ್ಕ. ನಗುತ್ತಲೇ
ಆಚೆ ತಿರುಗಿ ಶಟರಿನ ಬೀಗ ಹುಡುಕತೊಡಗಿದ,
ಹಗಲು ಎರಡು ಗಂಟೆಗೆ.

ಕೊನೆಯ ಸಂಜೆ ಹೊಳೆಗೆ ಹೋದೆವು.
ಮೆಟ್ಟಿಲಿಳಿಯಲು ಅಪ್ಪನ ಮಂಡಿ ಒಪ್ಪಲಿಲ್ಲ.
ನಾನು ಬಾಟಲಿಗೆ ತುಂಗೆ ತುಂಬಲು ಬಗ್ಗಿದೆ.
ಮೇಲಿಂದ ಕೂಗಿದ: "ತೂಕ ಕಣೇ, ತೂಕ!"
ಬರೀ ಕೈ ಒದ್ದೆ ಮಾಡಿಕೊಂಡು ಹತ್ತಿ ಬಂದೆ.
ದುಪಟ್ಟಾಕ್ಕೆ ಒರೆಸಹೊರಟವಳ ಮಣಿಕಟ್ಟು ಹಿಡಿದ.
ಒರೆಸಬೇಡ ಅಂದ. ಹಾಗೇ ಹಿಡಿದುಕೊಂಡು ನಡೆದ,
ಸೇತುವೆ, ಸಿಗ್ನಲ್ಲು, ಪಾನಿಪುರಿ ಗಾಡಿ,
ಸ್ವೆಟರಿನೊಳಗೆ ಬೆವರುತ್ತ.

ಆಟೋ ನಿಲ್ದಾಣದ ಹತ್ತಿರ ಬೋರ್ಡು ಓದಿದೆ:
ದು-ರ್ಗಿ-ಗು-ಡಿ.
ತಪ್ಪಲಿಲ್ಲ, ತಡವರಿಸಲೂ ಇಲ್ಲ.
ಅಪ್ಪ ಏನೂ ಅನ್ನಲಿಲ್ಲ.
ಕೈ ಆಗಲೇ ಆರಿತ್ತು.